ಒಂದು ಮನೆ, ಎರಡು ಕಡತ: ಹವಾಮಾನ ಸಮೀಕ್ಷೆಯೂ ಜನರ ಖಾಸಗಿ ವಿವರವೂ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ಯಾರ್ಡಿಗೆ ಬೆಂಕಿ ಬಿತ್ತು. ಪ್ಲಾಸ್ಟಿಕ್ಕಿನ ಗುಡ್ಡಗಳು ಹತ್ತು ದಿನಕ್ಕೂ ಹೆಚ್ಚು ಕಾಲ ಹೊಗೆಯಾಡಿದವು. ಯಾರ್ಡಿಗೆ ಹತ್ತಿರದ ಪಟ್ಟಣಗಳಲ್ಲಿ ತ್ರಿಪ್ಪುಣಿತ್ತುರವೂ ಒಂದು. ಹಿಲ್ ಪ್ಯಾಲೆಸ್ಸಿಗೆ, ಓಣಂ ಹೊತ್ತಿನ ಅತ್ತಚ್ಚಮಯ ಮೆರವಣಿಗೆಗೆ ಹೆಸರಾದ ಈ ಹಳೆಯ ರಾಜಧಾನಿಯ ಜನ ಆ ದಿನಗಳಲ್ಲಿ ಕಿಟಕಿ ಮುಚ್ಚಿಕೊಂಡು ಕೂತರು. ಹೊಗೆ ತಗ್ಗುತ್ತಿದ್ದಂತೆ ಆರೋಗ್ಯ ಇಲಾಖೆ ಆಶಾ ಕಾರ್ಯಕರ್ತೆಯರನ್ನು ಮನೆ ಮನೆಗೆ ಕಳಿಸಿತು. ಯಾರಿಗೆ ಕೆಮ್ಮು, ಯಾರಿಗೆ ಕಣ್ಣುರಿ, ಯಾರಿಗೆ ಉಬ್ಬಸ ಎಂಬ ಲೆಕ್ಕ ಶುರುವಾಯಿತು.

ಅಲ್ಲಿ ಸಿಕ್ಕ ಒಂದೊಂದು ಉತ್ತರಕ್ಕೂ ಎರಡು ಕೆಲಸವಿತ್ತು. ಉಸಿರಿಗೆ ಕಷ್ಟಪಡುತ್ತಿದ್ದವರನ್ನು ಆಸ್ಪತ್ರೆಗೆ ಕಳಿಸುವುದು ಒಂದು. ಹೊಗೆ ಎಲ್ಲಿಯವರೆಗೆ ಹರಡಿತು, ಯಾವ ವಯಸ್ಸಿನವರನ್ನು ಹೆಚ್ಚು ಕಾಡಿತು ಎಂದು ತಿಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಹೆಸರು, ಮನೆ, ಫೋನ್ ನಂಬರ್ ಬೇಕೇ ಬೇಕು. ಎರಡನೆಯದಕ್ಕೆ ಬೇಡ. ಹವಾಮಾನದ ಅಧ್ಯಯನಕ್ಕೆಂದು ನಗರಸಭೆ, ಪಂಚಾಯತಿಗಳು ಜನರ ವಿವರ ಕೂಡಿಸುವಾಗ ಎಡವುವ ಜಾಗ ಇದೇ. ಎರಡು ಕೆಲಸಕ್ಕೂ ಒಂದೇ ಕಡತ ಇಟ್ಟುಕೊಳ್ಳುವುದು ಸುಲಭ, ಅಪಾಯವೂ ಹೌದು. ನೆರವಿನ ಕಡತ ಬೇರೆ, ಅರಿವಿನ ಕಡತ ಬೇರೆ ಆಗಬೇಕು ಎಂಬುದು ಈ ಉಪನ್ಯಾಸದ ವಾದ.

ಗುಟ್ಟಿನ ವಿರುದ್ಧ ಬೆಳೆದ ಆಡಳಿತ

ಜನರೇ ಜನರ ಲೆಕ್ಕ ಬರೆಯುವುದು ಕೇರಳಕ್ಕೆ ಹೊಸದಲ್ಲ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದ ವಿಜ್ಞಾನಿಗಳ ಜೊತೆ ಸೇರಿ ಪಂಚಾಯತಿ ಸಂಪನ್ಮೂಲ ನಕಾಶೆ ಎಂಬ ಕಾರ್ಯಕ್ರಮ ನಡೆಸಿತು. 1990ರ ದಶಕದ ಆರಂಭದಲ್ಲಿ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಅದಕ್ಕೆ ಮಾದರಿಯಾಯಿತು. ಊರಿನ ಸ್ವಯಂಸೇವಕರೇ ಸರ್ವೆ ನಕಾಶೆ ಹಿಡಿದು ಗದ್ದೆ, ತೋಡು, ಬಾವಿ, ಮಣ್ಣು ಎಲ್ಲವನ್ನೂ ಗುರುತಿಸಿದರು. 1996ರ ಆಗಸ್ಟ್ 17ರಂದು, ಚಿಂಗಂ ತಿಂಗಳ ಮೊದಲ ದಿನ, ಊರಿನ ಯೋಜನೆಯನ್ನು ಊರಿನವರೇ ರೂಪಿಸುವ ಜನತಾ ಯೋಜನಾ ಅಭಿಯಾನ ಶುರುವಾದಾಗ ಈ ಅನುಭವವೇ ಅದಕ್ಕೆ ಅಡಿಪಾಯ.

ಆ ಅಭಿಯಾನದ ಜೀವಾಳ ಬಹಿರಂಗತೆ. ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು, ಯಾರಿಗೆ ಎಷ್ಟು ಅಂಕ, ಯಾಕೆ ಎಂದು ಎಲ್ಲರಿಗೂ ಕೇಳಿಸಬೇಕು. ಅಧಿಕಾರ ವಿಕೇಂದ್ರೀಕರಣ ಕುರಿತ ಸೇನ್ ಸಮಿತಿಯ ಶಿಫಾರಸಿನ ಬೆನ್ನಿಗೆ 1999ರಲ್ಲಿ ಕೇರಳ ಪಂಚಾಯತ್ ರಾಜ್ ಕಾಯ್ದೆಗೆ ಮಾಹಿತಿ ಹಕ್ಕಿನ ಅಧ್ಯಾಯವೇ ಸೇರಿತು. ದೇಶದ ಮಾಹಿತಿ ಹಕ್ಕು ಕಾಯ್ದೆ ಬಂದದ್ದು ಅದಾದ ಆರು ವರ್ಷಕ್ಕೆ. ಮನೆ ಮಂಜೂರಾತಿಯನ್ನು ಬಾಗಿಲು ಮುಚ್ಚಿ ಹಂಚುವ ಕಾಲವನ್ನು ಕಂಡವರಿಗೆ ಇದು ದೊಡ್ಡ ಗೆಲುವು.

ಆದರೆ ಪಟ್ಟಿ ಓದುವ ಈ ಅಭ್ಯಾಸ ಸಂಶೋಧನೆಯ ವಿವರಕ್ಕೂ ಹಾಗೇ ಹಬ್ಬಿದರೆ? ಯಾರ ಮನೆಗೆ ನೀರು ನುಗ್ಗುತ್ತದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಬಾವಿಯ ನೀರು ಉಪ್ಪಾಗಿದೆ ಎಂಬುದನ್ನೂ ಸಭೆಯಲ್ಲಿ ಓದಿದರೆ? ಸವಲತ್ತು ಪಡೆದವರು ಊರಿಗೆ ಲೆಕ್ಕ ಕೊಡಬೇಕು, ಸರಿ. ಸಮೀಕ್ಷೆಗೆ ಉತ್ತರ ಕೊಟ್ಟವರು ಏನನ್ನೂ ಪಡೆದಿಲ್ಲ, ಕೊಟ್ಟಿದ್ದಾರೆ ಅಷ್ಟೇ.

ನೆರೆ ಕಲಿಸಿದ್ದು

2018ರ ಆಗಸ್ಟಿನ ಮಹಾ ನೆರೆಯಲ್ಲಿ ಈ ಪ್ರಶ್ನೆಗಳಿಗೆ ಯಾರಿಗೂ ಪುರುಸೊತ್ತಿರಲಿಲ್ಲ. ಸ್ವಯಂಸೇವಕ ಇಂಜಿನಿಯರುಗಳೂ ರಾಜ್ಯ ಐಟಿ ಮಿಷನ್ನೂ ಸೇರಿ ಕೇರಳ ರೆಸ್ಕ್ಯೂ ಎಂಬ ತಾಣ ಕಟ್ಟಿದರು. ನೀರಿನ ನಡುವೆ ಸಿಕ್ಕಿಬಿದ್ದವರು ಹೆಸರು, ಫೋನ್ ನಂಬರ್, ಮನೆಯ ಗುರುತು ಬರೆದರು. ದೋಣಿ ಇದ್ದವರು ನೋಡಿ ಹೊರಟರು. ಜೀವ ಉಳಿಸುವ ಹೊತ್ತಿನಲ್ಲಿ ಎಲ್ಲವೂ ಬಹಿರಂಗವಾಗಿರುವುದೇ ಸರಿಯಾಗಿತ್ತು. ನೀರಿಳಿದ ಮೇಲೆ ಆ ವಿವರ ಎಷ್ಟು ದಿನ ಇರಬೇಕು ಎಂಬ ಪ್ರಶ್ನೆ ಮಾತ್ರ ಬೇರೆ.

ನೀರಿಳಿದ ಮೇಲೆ ಬಂದದ್ದು ರೀಬಿಲ್ಡ್ ಕೇರಳ ಆ್ಯಪ್. ಮನೆಯ ಫೋಟೊ, ಜಾಗದ ಗುರುತು, ಹಾನಿಯ ಪ್ರಮಾಣ ಎಲ್ಲ ಅದರೊಳಗೆ. ಹಾನಿ ಶೇ 15 ಇದ್ದರೆ 10 ಸಾವಿರ, 16ರಿಂದ 29ಕ್ಕೆ 60 ಸಾವಿರ, 30ರಿಂದ 59ಕ್ಕೆ ಒಂದೂಕಾಲು ಲಕ್ಷ, 60ರಿಂದ 74ಕ್ಕೆ ಎರಡೂವರೆ ಲಕ್ಷ, ಅದಕ್ಕೂ ಮೇಲಾದರೆ 4 ಲಕ್ಷ ರೂಪಾಯಿ. ಇದು ಅಪ್ಪಟ ನೆರವಿನ ಕಡತ. ಇಲ್ಲಿ ಹೆಸರು ಮರೆಮಾಚಿದರೆ ಮೋಸಕ್ಕೆ ದಾರಿ, ಪಟ್ಟಿ ಹೊರಗೆ ಬರಲೇಬೇಕು. ಆದರೆ ಮುಂದೆ ಸಂಶೋಧಕರು ಇದನ್ನೇ ನೆರೆಯ ಆಳದ ಅಳತೆಗೋಲೆಂದು ಎತ್ತಿಕೊಂಡರೆ ಎರಡು ತಪ್ಪಾಗುತ್ತದೆ. ಪರಿಹಾರಕ್ಕೆಂದು ಕೊಟ್ಟ ವಿವರ ಕೇಳದೆಯೇ ಬೇರೆ ಕೆಲಸಕ್ಕೆ ಹೋಯಿತು ಎಂಬುದು ಮೊದಲನೆಯದು. ಇಪ್ಪತ್ತೊಂಬತ್ತಕ್ಕೂ ಮೂವತ್ತಕ್ಕೂ ನಡುವೆ 65 ಸಾವಿರ ರೂಪಾಯಿಯ ಅಂತರವಿರುವಲ್ಲಿ ಅಂಕಿ ಎತ್ತ ವಾಲುತ್ತದೆ ಎಂಬುದನ್ನು ಯಾರಾದರೂ ಊಹಿಸಬಹುದು, ಇದು ಎರಡನೆಯದು. ಖಾಸಗಿತನ ಕಾಯುವುದು ಜನರಿಗಷ್ಟೇ ಅಲ್ಲ, ವಿಜ್ಞಾನಕ್ಕೂ ಲಾಭ.

ನೆರೆಯ ಬಳಿಕ 'ನಮ್ಮಳ್ ನಮುಕ್ಕಾಯಿ' ಎಂಬ ಅಭಿಯಾನದಲ್ಲಿ ಕೇರಳದ 941 ಗ್ರಾಮ ಪಂಚಾಯತಿ, 87 ನಗರಸಭೆ, 6 ಮಹಾನಗರ ಪಾಲಿಕೆಗಳು ವಿಪತ್ತು ನಿರ್ವಹಣಾ ಯೋಜನೆ ಬರೆದವು. ಹಾಸಿಗೆ ಹಿಡಿದವರು, ಅಂಗವಿಕಲರು, ಒಂಟಿ ವೃದ್ಧರು ಎಲ್ಲಿದ್ದಾರೆಂದು ತಿಳಿಯದೆ ಇಂಥ ಯೋಜನೆ ಮಾಡಲಾಗದು. ಆದರೆ ಛಾಪಿಸಿದ ಯೋಜನೆಯಲ್ಲಿ ವಾರ್ಡಿಗೆ ಇಂತಿಷ್ಟು ಮಂದಿ ಎಂದಿದ್ದರೆ ಸಾಕು. ಹೆಸರು, ಮನೆ ನಂಬರ್ ರಕ್ಷಣಾ ತಂಡದ ಕೈಯಲ್ಲಿದ್ದರೆ ಸಾಕು.

ಉಪ್ಪುನೀರು ಬರೆದ ಕ್ಯಾಲೆಂಡರ್

ಎರ್ನಾಕುಳಂ ಜಿಲ್ಲೆಯ ಹಿನ್ನೀರಿನ ಅಂಚಿನ ಏಳಿಕ್ಕರ, ಕುಂಬಳಂಗಿ, ಪುತ್ತನ್‌ವೇಲಿಕ್ಕರದಂಥ ಪಂಚಾಯತಿಗಳಲ್ಲಿ ಮಳೆ ಇಲ್ಲದ ದಿನವೂ ನೀರು ಅಂಗಳಕ್ಕೆ ಬರುತ್ತದೆ. ಉಬ್ಬರದ ನೀರು. ವೃಶ್ಚಿಕ ಮಾಸದ ಉಬ್ಬರ ಅಜ್ಜಂದಿರ ಕಾಲದಿಂದ ಗೊತ್ತಿದ್ದದ್ದೇ, ಆದರೆ ಈಗ ಅದು ಅಡುಗೆಮನೆಗೂ ಇಳಿಯುತ್ತಿದೆ. ಕೊಚ್ಚಿಯ ಇಕ್ವಿನಾಕ್ಟ್ ಎಂಬ ಸಂಸ್ಥೆ ಊರಿನವರನ್ನೇ ಜೊತೆ ಮಾಡಿಕೊಂಡು ಇದನ್ನು ದಾಖಲಿಸತೊಡಗಿತು. ಯಾವ ದಿನ, ಎಷ್ಟು ನೀರು ಎಂದು ಮನೆಯವರೇ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಉಪಾಯವೂ ಅದರಲ್ಲಿತ್ತು. ಉಪಗ್ರಹಕ್ಕೆ ಕಾಣದ ಇಂಚುಗಟ್ಟಲೆ ನೀರನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆ ಕ್ಯಾಲೆಂಡರಿನ ಒಂದು ಹಾಳೆ ಏನೇನು ಹೇಳುತ್ತದೆ ನೋಡಬೇಕು. ತಿಂಗಳಲ್ಲಿ ಎಷ್ಟು ದಿನ ಶೌಚಾಲಯ ಬಳಸಲಾಗಲಿಲ್ಲ ಎಂಬುದು ತಿಳಿಯುತ್ತದೆ, ಅದು ಹೆಂಗಸರು ನೆರೆಯವರ ಮುಂದೆ ಹೇಳಲು ಹಿಂಜರಿಯುವ ಮಾತು. ಗೋಡೆ ಎಷ್ಟು ತಿಂದುಹೋಗಿದೆ ಎಂಬುದು ತಿಳಿಯುತ್ತದೆ, ಅದು ಜಾಗ ಮಾರಲು ಹೊರಟವರ ಬೆಲೆ ಇಳಿಸುವ ಮಾತು. ಸಾಲ ಕೊಡುವ ಬ್ಯಾಂಕಿಗೂ, ಸಂಬಂಧ ನೋಡಲು ಬಂದವರಿಗೂ ಬೇಕಾದ ಸುದ್ದಿ ಅದರಲ್ಲಿದೆ. ವಾರ್ಡಿನ ನಕಾಶೆಯಲ್ಲಿ ಆ ಮನೆಯೊಂದು ಕೆಂಪು ಚುಕ್ಕೆಯಾದರೆ ಹೆಸರಿನ ಅಗತ್ಯವೇ ಇಲ್ಲ.

ಹಾಗೆಂದು ಎಲ್ಲವನ್ನೂ ಬೀಗ ಹಾಕಿ ಇಡುವುದೂ ತಪ್ಪೇ. ವಯನಾಡಿನ ಕಲ್ಪೆಟ್ಟದ ಹ್ಯೂಮ್ ಪರಿಸರ ಅಧ್ಯಯನ ಕೇಂದ್ರ ರೈತರ ತೋಟಗಳಲ್ಲಿ, ಎಸ್ಟೇಟುಗಳಲ್ಲಿ 200ಕ್ಕೂ ಹೆಚ್ಚು ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 30ರ ನಸುಕಿನ ಚೂರಲ್‌ಮಲ, ಮುಂಡಕ್ಕೈ ಭೂಕುಸಿತಕ್ಕೆ ಮುನ್ನ, 29ರಂದೇ ಆ ಕೇಂದ್ರ ಜಿಲ್ಲಾಡಳಿತವನ್ನು ಎಚ್ಚರಿಸಿತ್ತು. ಪುತ್ತುಮಲದ ಬಳಿ 48 ಗಂಟೆಯಲ್ಲಿ ಬಿದ್ದ ಮಳೆ 570 ಮಿಲಿಮೀಟರ್ ದಾಟಿತ್ತು. ಮಳೆಯ ಅಂಕಿ ಯಾರ ಖಾಸಗಿ ಸ್ವತ್ತೂ ಅಲ್ಲ, ಅದು ಎಷ್ಟು ಬೇಗ ಎಷ್ಟು ಜನರಿಗೆ ಮುಟ್ಟಿದರೆ ಅಷ್ಟು ಒಳ್ಳೆಯದು. ಖಾಸಗಿಯಾದದ್ದು ಮಾಪಕ ಇಟ್ಟುಕೊಂಡವರ ಹೆಸರು, ಫೋನು ಮಾತ್ರ.

ಅದೇ ವಯನಾಡಿನ ಮೀನಂಗಾಡಿಯಲ್ಲಿ ಇನ್ನೊಂದು ಬಗೆ. 2016ರಲ್ಲಿ ಇಂಗಾಲ ಸಮತೋಲನದ ಗುರಿ ಹಾಕಿಕೊಂಡ ಈ ಪಂಚಾಯತಿಯ ಲೆಕ್ಕವನ್ನು ತಿರುವನಂತಪುರದ ತಣಲ್ ಸಂಸ್ಥೆ ಮಾಡಿಕೊಟ್ಟಿತು. ವರ್ಷಕ್ಕೆ ಸುಮಾರು 33 ಸಾವಿರ ಟನ್ ಹೊರಸೂಸುವಿಕೆ, ಮರ ಮಣ್ಣು ಹೀರುವುದು ಸುಮಾರು 22 ಸಾವಿರ, ಉಳಿದ ಬಾಕಿ 11 ಸಾವಿರದಷ್ಟು. ಯಾವ ಮನೆಯ ಒಲೆ ಯಾವುದು, ಯಾರಿಗೆ ಎಷ್ಟು ಗಾಡಿ ಎಂಬುದು ಈ ಮೊತ್ತದಲ್ಲಿ ಕರಗಿಹೋಗುತ್ತದೆ. ಆದರೆ ಬಾಕಿ ತೀರಿಸಲು ತಂದ ಮರ ಬ್ಯಾಂಕ್ ಯೋಜನೆಯಲ್ಲಿ ರೈತ ನೆಟ್ಟ ಒಂದೊಂದು ಮರಕ್ಕೂ ವರ್ಷಕ್ಕೆ 50 ರೂಪಾಯಿ ಬಡ್ಡಿಯಿಲ್ಲದ ಸಾಲ, ಮರ ಕಡಿದರೆ ಮಾತ್ರ ವಾಪಸು. ಅದಕ್ಕೆ ಮರಕ್ಕೆ ಜಿಯೋ ಟ್ಯಾಗ್ ಬೇಕು, ರೈತನ ಹೆಸರು, ಜಾಗ, ಬ್ಯಾಂಕ್ ಖಾತೆ ಬೇಕು. ಒಂದೇ ಪಂಚಾಯತಿ, ಒಂದೇ ಗುರಿ, ಆದರೂ ಎರಡು ಕಡತ.

ಕೊಚ್ಚಿಯ ನ್ಯಾಯಾಲಯ ಹೇಳಿದ್ದು

ವಾರ್ಡಿನಲ್ಲಿ ಕೇಳಿದ ವಿವರ ಎಲ್ಲಿಯವರೆಗೆ ಹೋಗಬಹುದು ಎಂದು ಕೇರಳ ತಿಳಿದದ್ದು 2020ರ ಏಪ್ರಿಲ್‌ನಲ್ಲಿ. ಕೋವಿಡ್ ಹೊತ್ತಿನಲ್ಲಿ ಮನೆವಾಸದಲ್ಲಿದ್ದವರ ಆರೋಗ್ಯ ವಿವರವನ್ನು ವಾರ್ಡ್ ಮಟ್ಟದಲ್ಲಿ ಕೂಡಿಸಿ, ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಯ ತಂತ್ರಾಂಶಕ್ಕೆ ತುಂಬಿಸಲಾಗುತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿದವರು ಪರಿಚಯದ ಊರಿನವರು, ಒಪ್ಪಂದಕ್ಕೆ ಸಹಿ ಬಿದ್ದದ್ದು ತಿರುವನಂತಪುರದ ಐಟಿ ಇಲಾಖೆಯಲ್ಲಿ. ವಿವಾದ ಕೊಚ್ಚಿಯ ಹೈಕೋರ್ಟಿಗೆ ಬಂತು. ಏಪ್ರಿಲ್ 24ರ ಮಧ್ಯಂತರ ಆದೇಶದಲ್ಲಿ ನ್ಯಾಯಮೂರ್ತಿ ದೇವನ್ ರಾಮಚಂದ್ರನ್ ಮತ್ತು ನ್ಯಾಯಮೂರ್ತಿ ಟಿ. ಆರ್. ರವಿ ಅವರ ಪೀಠ ಹೇಳಿದ್ದು ಇಷ್ಟು: ಗುರುತು ಅಳಿಸಿದ ಮೇಲೆಯೇ ಕಂಪನಿಗೆ ವಿವರ ಕೊಡಬೇಕು. ಹೊರಗಿನವರು ನೋಡುತ್ತಾರೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಕಂಪನಿ ಅದನ್ನು ಬೇರೆ ಯಾವುದಕ್ಕೂ ಬಳಸಬಾರದು. ಆಗ ದೇಶದಲ್ಲಿ ದತ್ತಾಂಶ ರಕ್ಷಣೆಗೆಂದೇ ಒಂದು ಕಾಯ್ದೆ ಇರಲಿಲ್ಲ.

ನ್ಯಾಯಾಲಯದ ಬೆನ್ನಿಗಿದ್ದದ್ದು 2017ರ ಆಗಸ್ಟ್ 24ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಅವರ ಹೆಸರಿಲ್ಲದೆ ಇಂದು ಭಾರತದಲ್ಲಿ ಈ ವಿಷಯದ ಯಾವ ಚರ್ಚೆಯೂ ಮುಗಿಯುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಹೈಕೋರ್ಟಿಗೆ ಹೋದಾಗಲೂ ನಿಂತ ಮಾತು ಅದೇ: ಉತ್ತರಿಸುವುದು ಜನರ ಇಚ್ಛೆ, ಕೂಡಿಸಿದ ವಿವರ ಗೋಪ್ಯವಾಗಿರಬೇಕು.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಜಾರಿಯಾಗುತ್ತವೆ. ನೋಟ್‌ಪುಸ್ತಕದಲ್ಲಿ ಬರೆದಿರುವವರೆಗೆ ಈ ಕಾಯ್ದೆ ತಟ್ಟುವುದಿಲ್ಲ. ಅದನ್ನೇ ಕಂಪ್ಯೂಟರಿಗೆ ಏರಿಸಿದ ಕ್ಷಣದಿಂದ ತಟ್ಟುತ್ತದೆ.

ಹದಿನೇಳನೆಯ ಕಲಮು ಸಂಶೋಧನೆಗೆ, ಅಂಕಿಅಂಶಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಒಂದು ಷರತ್ತಿದೆ. ಆ ವಿವರದ ಮೇಲೆ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು. ಉಬ್ಬರದ ಅಧ್ಯಯನವೆಂದು ಕೂಡಿಸಿದ ಪಟ್ಟಿಯನ್ನು ನೋಡಿ ಒಬ್ಬರಿಗೆ ಮನೆ ಮಂಜೂರು ಮಾಡಿದರೂ, ಇನ್ನೊಬ್ಬರಿಗೆ ಕಟ್ಟಡ ಪರವಾನಗಿ ನಿರಾಕರಿಸಿದರೂ ವಿನಾಯಿತಿ ಹೋಯಿತು. ಸಹಾಯಧನ, ಸವಲತ್ತು, ಪರವಾನಗಿಗೆ ಸರ್ಕಾರಿ ಸಂಸ್ಥೆಗಳು ವಿವರ ಬಳಸಲು ಏಳನೆಯ ಕಲಮಿನಲ್ಲಿ ಬೇರೆಯೇ ದಾರಿ ಇದೆ. ಎರಡು ಕಡತ ಎಂಬ ಮಾತನ್ನು ಕಾನೂನು ತನ್ನ ಭಾಷೆಯಲ್ಲಿ ಹೀಗೆ ಹೇಳಿದೆ.

ಇದಕ್ಕಿಂತ ಹಳೆಯ ಆಸರೆಗಳೂ ಇವೆ. 1948ರ ಜನಗಣತಿ ಕಾಯ್ದೆಯಂತೆ ಮನೆಯವರು ಹೇಳಿದ್ದನ್ನು ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಮುಂದಿಡುವಂತೆಯೂ ಇಲ್ಲ. 2008ರ ಅಂಕಿಅಂಶ ಸಂಗ್ರಹ ಕಾಯ್ದೆ ಪಂಚಾಯತಿ, ನಗರಸಭೆಗಳನ್ನೇ ಹೆಸರಿಸಿ, ತಮ್ಮ ವ್ಯಾಪ್ತಿಯಲ್ಲಿ ಅಂಕಿಅಂಶ ಕೂಡಿಸುವ ಅಧಿಕಾರ ಕೊಟ್ಟಿದೆ, ಗೋಪ್ಯತೆಯ ಕಟ್ಟುಪಾಡನ್ನೂ ಹಾಕಿದೆ. ತ್ರಿಪ್ಪುಣಿತ್ತುರದಂಥ ನಗರಸಭೆ ತನ್ನ ತೋಡುಗಳ ನೆರೆ ಸಮೀಕ್ಷೆಯನ್ನು ಈ ಕಾಯ್ದೆಯ ನೆರಳಿನಲ್ಲಿ ನಡೆಸಿದರೆ ಉತ್ತರ ಕೊಟ್ಟವರಿಗೆ ಹೇಳಲು ಒಂದು ಗಟ್ಟಿ ಮಾತಿರುತ್ತದೆ.

ಹೆಸರು ಅಳಿಸಿದರೆ ಸಾಕೆ? ಸಾಲದು. 1990ರ ದಶಕದಲ್ಲಿ ಲಟಾನ್ಯ ಸ್ವೀನಿ ಎಂಬ ಅಮೆರಿಕದ ವಿದ್ಯಾರ್ಥಿನಿ, ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಜೊತೆ ಹೋಲಿಸಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನೇ ಹೆಕ್ಕಿ ತೆಗೆದರು. ಬೇಕಾದದ್ದು ಹುಟ್ಟಿದ ದಿನ, ಪಿನ್ ಕೋಡ್, ಗಂಡು ಹೆಣ್ಣೆಂಬ ವಿವರ, ಮೂರೇ. ಕೇರಳದ ವಾರ್ಡಿನಲ್ಲಿ ಅಷ್ಟೂ ಬೇಡ. ತೋಡಿನ ದಂಡೆಯಲ್ಲಿರುವ, ಡಯಾಲಿಸಿಸ್ ಮಾಡಿಸಿಕೊಳ್ಳುವ, ಒಂಟಿಯಾಗಿರುವ ಎಪ್ಪತ್ತರ ಮಹಿಳೆ ಎಂದರೆ ಚಹಾದಂಗಡಿಯಲ್ಲಿ ಕೂತವರೆಲ್ಲ ಹೆಸರು ಹೇಳುತ್ತಾರೆ. ಆದ್ದರಿಂದ ಒಂದೆರಡೇ ಮನೆ ಬೀಳುವ ಅಂಕಣಗಳನ್ನು ಪ್ರಕಟಿಸದಿರುವುದು, ವಯಸ್ಸನ್ನು ಹತ್ತು ಹತ್ತು ವರ್ಷದ ಗುಂಪಾಗಿಸುವುದು, ಮನೆಯ ಚುಕ್ಕೆಯ ಬದಲು ರಸ್ತೆಯ ಗೆರೆ ತೋರಿಸುವುದು ಅಧ್ಯಯನದ ಭಾಗವೇ ಆಗಬೇಕು.

ಸೋರಿಕೆ ಎಂದೊಡನೆ ದೂರದ ಹ್ಯಾಕರನನ್ನು ನೆನೆಯುವವರೇ ಹೆಚ್ಚು. ವಾರ್ಡಿನ ಮಟ್ಟದಲ್ಲಿ ಅದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಎಕ್ಸೆಲ್ ಹಾಳೆ, ಸಮೀಕ್ಷೆ ಮುಗಿದ ಮೇಲೂ ಸ್ವಂತ ಫೋನಿನಲ್ಲಿ ಉಳಿದ ಫೋಟೊ. ಸಮೀಕ್ಷೆಗೆ ಹೋಗುವ ಆಶಾ, ಕುಟುಂಬಶ್ರೀ ಸ್ವಸಹಾಯ ಸಂಘ, ಮನೆ ಮನೆಯ ಕಸ ಕೂಡಿಸುವ ಹರಿತ ಕರ್ಮ ಸೇನೆಯ ಹೆಂಗಸರಿಗೆ ಸಿಗುವುದು ಅಲ್ಪ ಗೌರವಧನ, ಫೋನು ಅವರದ್ದೇ. ಹೊಣೆಯನ್ನು ಅವರ ತಲೆಗೆ ಕಟ್ಟಿ ಸಂಸ್ಥೆ ಕೈತೊಳೆದುಕೊಳ್ಳಬಾರದು. 2024ರ ಜನವರಿ 1ರಂದು ಕೊಚ್ಚಿಯಲ್ಲಿ ಉದ್ಘಾಟನೆಯಾದ ಕೆ-ಸ್ಮಾರ್ಟ್ ವ್ಯವಸ್ಥೆಯು ನಗರಸಭೆಗಳ ಸೇವೆಯನ್ನೆಲ್ಲ ರಾಜ್ಯದ ಒಂದೇ ತಂತ್ರಾಂಶಕ್ಕೆ ತಂದಿರುವಾಗ, ಯಾವ ವಿವರಕ್ಕೆ ನಗರಸಭೆ ಹೊಣೆ, ಯಾವುದಕ್ಕೆ ತಿರುವನಂತಪುರ ಹೊಣೆ ಎಂದು ಬರೆದಿಡುವುದು ಇನ್ನೂ ಅಗತ್ಯ.

ಎಣ್ಮಕಜೆಯಿಂದ ಒಂದು ಪಾಠ

ಕನ್ನಡಿಗರಿಗೆ ಇದು ಪರರಾಜ್ಯದ ಕತೆಯಲ್ಲ. ಕನ್ನಡ ಮಾತಾಡುವವರು ನೆಲೆಸಿರುವ ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಮನೆಗಳ ಕಾಯಿಲೆಗಳನ್ನು ಮೊದಲು ಗಮನಿಸಿ ಬರೆದಿಟ್ಟವರು ಊರಿನ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್. ಅದನ್ನು ಹೊರಲೋಕಕ್ಕೆ ಮುಟ್ಟಿಸಿದವರಲ್ಲಿ ಪತ್ರಕರ್ತ ಶ್ರೀಪಡ್ರೆ ಮುಖ್ಯರು. ಊರಿನವರೇ ನಡೆಸಿದ ಆ ಲೆಕ್ಕವಿಲ್ಲದಿದ್ದರೆ ಮುಂದಿನ ಯಾವ ಅಧ್ಯಯನವೂ, 2011ರ ನಿಷೇಧವೂ, ಪ್ರತಿ ಸಂತ್ರಸ್ತರಿಗೆ 5 ಲಕ್ಷ ಕೊಡಬೇಕೆಂಬ 2017ರ ಸುಪ್ರೀಂ ಕೋರ್ಟ್ ಆದೇಶವೂ ಇರುತ್ತಿರಲಿಲ್ಲ.

ಆದರೆ ಅಲ್ಲಿಯೂ ಎರಡು ಕಡತ ಒಂದಾದವು. ಪಟ್ಟಿಯಲ್ಲಿ ಹೆಸರಿದ್ದರೆ ಪರಿಹಾರ, ಪಿಂಚಣಿ, ಚಿಕಿತ್ಸೆ. ಹೆಸರಿಗಾಗಿ ಮಕ್ಕಳ ಮುಖ, ಮೈ, ಮನೆತನ ಎಲ್ಲ ಲೋಕದ ಮುಂದೆ ಬಂತು. ಆ ಚಿತ್ರಗಳು ಹೋರಾಟಕ್ಕೆ ಬಲ ಕೊಟ್ಟವು ಎಂಬುದೂ ನಿಜ, ಆ ಮಕ್ಕಳನ್ನು ಯಾರೂ ಕೇಳಲಿಲ್ಲ ಎಂಬುದೂ ನಿಜ.

ಇನ್ನು ಭಾಷೆಯ ಮಾತು. ಹೊಸ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವಾಗ ಕೊಡುವ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಜನರದ್ದು. ಮಂಜೇಶ್ವರ, ಪೈವಳಿಕೆಯ ಕನ್ನಡಿಗರು ಇದನ್ನು ಕನ್ನಡದಲ್ಲಿ ಕೇಳಬಹುದು. ತ್ರಿಪ್ಪುಣಿತ್ತುರದಲ್ಲಿ ನೆಲೆಸಿದ ಕನ್ನಡ ಕುಟುಂಬವೂ ಕೇಳಬಹುದು, ಮಟ್ಟಾಂಚೇರಿಯ ಕೊಂಕಣಿಗರು ಕೊಂಕಣಿಯಲ್ಲಿ ಕೇಳಬಹುದು. ತುಳು ಮಾತ್ರ ಬಲ್ಲ ಅಜ್ಜಿಗೆ ಈ ಹಕ್ಕಿಲ್ಲ, ಯಾಕೆಂದರೆ ತುಳು ಇನ್ನೂ ಆ ಅನುಸೂಚಿಯಲ್ಲಿಲ್ಲ. ಅಂಥ ಮನೆಗಳಲ್ಲಿ ಓದಿ ಹೇಳುವ ಹೊಣೆಯನ್ನು ಪಂಚಾಯತಿಯೇ ಹೊರಬೇಕು.

ಒಂದು ಎಚ್ಚರಿಕೆಯೂ ಬೇಕು. ಇದೇ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ ಎಂಟನೆಯ ಕಲಮನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂದೊಡನೆ ನಿರಾಕರಿಸಲು ಅಧಿಕಾರಿಗಳಿಗೆ ಅಗಲ ಬಾಗಿಲು ತೆರೆದಿದೆ. ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದೆಂಬ ಉಪಕಲಮು ಉಳಿದಿದೆ, ಆದರೆ ಬಳಸುವ ಮನಸ್ಸು ಬೇಕು. ನೆರೆ ಪರಿಹಾರ ಯಾರಿಗೆ ಹೋಯಿತು ಎಂದು ಕೇಳಿದವರ ಮುಂದೆ ಖಾಸಗಿತನದ ಪರದೆ ಎಳೆದರೆ 1996ರಿಂದ ಕಟ್ಟಿದ್ದೆಲ್ಲ ಕುಸಿಯುತ್ತದೆ. ನೆರವಿನ ಕಡತ ತೆರೆದೇ ಇರಲಿ, ಮುಚ್ಚಬೇಕಾದದ್ದು ಅರಿವಿನ ಕಡತದ ಹೆಸರುಗಳು.

2027ರ ಮೇ ತಿಂಗಳಿಗೆ ಹೆಚ್ಚು ಕಾಲವಿಲ್ಲ. ಅಷ್ಟರೊಳಗೆ ಪ್ರತಿ ನಗರಸಭೆ, ಪಂಚಾಯತಿ ಮಾಡಬಹುದಾದ ಕೆಲಸ ದುಬಾರಿಯದಲ್ಲ. ಸಮೀಕ್ಷೆಗೆ ಹೊರಡುವ ಮುನ್ನ ಇದು ಯಾವ ಕಡತಕ್ಕೆ, ಎಷ್ಟು ಕಾಲಕ್ಕೆ, ಯಾರು ನೋಡುತ್ತಾರೆ ಎಂದು ಒಂದು ಪುಟದಲ್ಲಿ ಮನೆಯವರ ಭಾಷೆಯಲ್ಲಿ ಬರೆದುಕೊಡಲಿ. ಉತ್ತರ ಕೊಡದಿದ್ದರೆ ಯಾವ ಸವಲತ್ತೂ ತಪ್ಪುವುದಿಲ್ಲ ಎಂದು ಅದರಲ್ಲೇ ಹೇಳಲಿ. ಮುಗಿದ ಮೇಲೆ ಕಂಡುಕೊಂಡದ್ದನ್ನು ವಾರ್ಡ್ ಸಭೆಗೆ ತಂದು ಒಪ್ಪಿಸಲಿ, ಹೆಸರಿನ ಪಟ್ಟಿಯನ್ನು ಅಳಿಸಿದ್ದೇವೆಂದು ನಡಾವಳಿಯಲ್ಲಿ ದಾಖಲಿಸಲಿ. ಕಾಸರಗೋಡಿನ ಕನ್ನಡ ಓದುಗರು ಮುಂದಿನ ಸಲ ಬಾಗಿಲಿಗೆ ಬಂದ ಸಮೀಕ್ಷೆಗೆ ಉತ್ತರ ಕೊಡುವ ಮೊದಲು ಆ ಒಂದು ಪುಟವನ್ನು ಕನ್ನಡದಲ್ಲಿ ಕೇಳಿ ಪಡೆಯಬೇಕು.